ಕೊಟ್ಟಿಗೆಯ ಮೂಲೆಯಿಂದ ಘಟ್ಟದ ದಾರಿಗೆ: ಹಳೆಯ ಉಕ್ಕಿನ ಸೈಕಲ್ಲಿನ ಪುನಶ್ಚೇತನ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಯಾವ ಊರಿಗೆ ಹೋದರೂ ಕೊಟ್ಟಿಗೆಯ ಹಿಂಬದಿಯಲ್ಲೋ, ಅಡಿಕೆ ಚಪ್ಪರದ ಕೆಳಗೋ, ಸೌದೆಮನೆಯ ಗೋಡೆಗೋ ಒರಗಿಸಿಟ್ಟ ಕಪ್ಪು ಸೈಕಲ್ಲೊಂದು ಕಾಣಸಿಗುವುದು ಅಪರೂಪವಲ್ಲ. ಅದರ ಟೈರು ಕೊಳೆತಿರುತ್ತದೆ, ಚೈನು ಕಂದುಬಣ್ಣದ ಕೋಲಿನಂತೆ ಬಿಗಿದುಕೊಂಡಿರುತ್ತದೆ, ಸೀಟಿನ ಚರ್ಮವನ್ನು ಇಲಿ ಕಡಿದಿರುತ್ತದೆ. ಒಂದು ಕಾಲದಲ್ಲಿ ಹಾಲಿನ ಕ್ಯಾನು, ಅಕ್ಕಿಮೂಟೆ, ಶಾಲೆಗೆ ಹೊರಟ ಇಬ್ಬರು ಮಕ್ಕಳು, ಎಲ್ಲವನ್ನೂ ಹೊತ್ತ ವಾಹನ ಅದು. ಇಂಗ್ಲೆಂಡಿನ ರ್ಯಾಲಿ, ಹರ್ಕ್ಯುಲಿಸ್ ಸೈಕಲ್ಲುಗಳ ಅಚ್ಚಿನಲ್ಲಿಯೇ ಸ್ವತಂತ್ರ ಭಾರತದ ಕಾರ್ಖಾನೆಗಳು ಈ ಮಾದರಿಯನ್ನು ತಯಾರಿಸಿದವು. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ ಸೈಕಲ್ಸ್ 1956ರಲ್ಲಿ ಆರಂಭವಾದವು. ಅಟ್ಲಾಸ್ ಕಂಪನಿಯ ಕೊನೆಯದಾಗಿ ಉಳಿದಿದ್ದ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲು ಮುಚ್ಚಿದ್ದು 2020ರ ಜೂನ್ 3ರಂದು. ಅದು ವಿಶ್ವ ಬೈಸಿಕಲ್ ದಿನ ಎಂಬುದು ವಿಧಿಯ ಕುಚೋದ್ಯವೆನ್ನಬೇಕು.

ಕಪ್ಪು ಸೈಕಲ್ಲಿನ ಪಕ್ಕದಲ್ಲಿ ಈಗ ಇನ್ನೊಂದು ಪೀಳಿಗೆಯ ಸೈಕಲ್ಲೂ ಬಂದು ನಿಂತಿದೆ. ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ದೊರೆತ ಸೈಕಲ್ಲುಗಳವು. ಮಕ್ಕಳು ಪ್ರೌಢಶಾಲೆ ಮುಗಿಸಿದರು, ಸೈಕಲ್ಲು ಅಂಗಳದಲ್ಲಿ ಉಳಿಯಿತು. ಕೊರೋನಾ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಎಂದರೆ ಒಂದು ಕಡೆ ಸೈಕಲ್ಲಿಲ್ಲದೆ ನಡೆಯುವ ಮಕ್ಕಳು, ಇನ್ನೊಂದು ಕಡೆ ಸವಾರರಿಲ್ಲದೆ ತುಕ್ಕು ಹಿಡಿಯುವ ಸೈಕಲ್ಲುಗಳು. ಎರಡೂ ಒಂದೇ ಊರಿನಲ್ಲಿ.

ಗುಜರಿಯವನು ತೂಕದ ಲೆಕ್ಕದಲ್ಲಿ ಕೊಡುವ ಹಣ ಒಂದು ಹೊಸ ಟೈರಿಗೂ ಸಾಲುವುದು ಕಷ್ಟ. ಗುಜರಿಗೆ ಹೋದ ಉಕ್ಕು ಹಾಳಾಗುವುದಿಲ್ಲ, ಕುಲುಮೆಗೆ ಹೋಗಿ ಮತ್ತೆ ಉಕ್ಕಾಗುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಕರಗಿಸುವುದಕ್ಕೂ ಬೆಂಕಿ ಬೇಕು. ಅದಿರಿನಿಂದ ಒಂದು ಟನ್ ಉಕ್ಕು ತಯಾರಿಸುವಾಗ ಸುಮಾರು ಎರಡು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇಪ್ಪತ್ತು ಕಿಲೋ ತೂಗುವ ಸೈಕಲ್ಲಿಗೆ ಈ ಲೆಕ್ಕದಲ್ಲಿ ಸುಮಾರು ನಲವತ್ತು ಕಿಲೋ. ಸಂಖ್ಯೆ ದೊಡ್ಡದಲ್ಲ, ಅದನ್ನು ದೊಡ್ಡದು ಮಾಡಿ ಹೇಳುವ ಅಗತ್ಯವೂ ಇಲ್ಲ. ಆದರೆ ಉಕ್ಕಿನ ಬೆಲೆ ಏನೆಂಬುದನ್ನು ಮಲೆನಾಡಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ತನ್ನ ಮೊದಲ ದಶಕಗಳಲ್ಲಿ ಉರಿದದ್ದು ಇಲ್ಲಿನ ಕಾಡಿನ ಇದ್ದಿಲಿನಿಂದ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಕುದುರೆಮುಖದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯ ದಿನ ನಿಲ್ಲುವವರೆಗೆ ಭದ್ರೆಯ ನೀರಿನ ಬಣ್ಣ ಏನಾಗಿತ್ತೆಂಬುದು ನದೀತೀರದವರಿಗೆ ಗೊತ್ತು. ಕೊಟ್ಟಿಗೆಯ ಸೈಕಲ್ಲಿನ ಉಕ್ಕು ಅಲ್ಲಿಂದಲೇ ಬಂತೆಂದು ಇದರ ಅರ್ಥವಲ್ಲ. ಎಲ್ಲಿಂದಲೋ, ಯಾವುದೋ ಬೆಟ್ಟದಿಂದ ಬಂದಿದೆ ಎಂಬುದಂತೂ ನಿಜ.

ಈ ಸೈಕಲ್ಲು ರಿಪೇರಿಗೆ ಏಕೆ ಒಗ್ಗುತ್ತದೆ ಎಂಬುದಕ್ಕೆ ಅದರ ಮೂಳೆಕಟ್ಟನ್ನು ನೋಡಬೇಕು. ಹಳೆಯ ಫ್ರೇಮಿನ ಕೊಳವೆಗಳು ಒಂದನ್ನೊಂದು ನೇರವಾಗಿ ಕೂಡುವುದಿಲ್ಲ. ಕೂಡುವಲ್ಲಿ ಒಂದೊಂದು ಉಕ್ಕಿನ ತೋಳಿನಂಥ ಜೋಡಣೆ ಇರುತ್ತದೆ. ಅದರೊಳಗೆ ಕೊಳವೆಯನ್ನು ಕೂರಿಸಿ, ಉಕ್ಕಿಗಿಂತ ಕಡಿಮೆ ಶಾಖದಲ್ಲಿ ಕರಗುವ ಹಿತ್ತಾಳೆಯನ್ನು ಹರಿಸಿ ಬೆಸೆದಿರುತ್ತಾರೆ. ಬಾಗಿದರೆ ಬಗ್ಗಿಸಿ ಸರಿಮಾಡಬಹುದು. ಅಲ್ಯೂಮಿನಿಯಂ ಫ್ರೇಮಿಗೆ ಹಾಗೆ ಮಾಡಿದರೆ ಅದು ಬಿರಿಯುತ್ತದೆ. ಉಕ್ಕಿಗೆ ಇನ್ನೊಂದು ಗುಣವಿದೆ. ಒಂದು ಮಿತಿಯ ಒಳಗಿನ ಭಾರವನ್ನು ಎಷ್ಟು ಲಕ್ಷ ಬಾರಿ ಹೊತ್ತರೂ ಅದು ದಣಿದು ಮುರಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಅದರ ದಣಿವು ಸಂಗ್ರಹವಾಗುತ್ತಲೇ ಹೋಗುತ್ತದೆ. ಐವತ್ತು ವರ್ಷದ ಉಕ್ಕಿನ ಫ್ರೇಮು ಇಂದಿಗೂ ರಸ್ತೆಗಿಳಿಯಬಲ್ಲುದಾದರೆ ಅದಕ್ಕೆ ಕಾರಣ ಹಳೆಯ ಕಾಲದವರ ಪ್ರಾಮಾಣಿಕತೆಯಷ್ಟೇ ಅಲ್ಲ, ಲೋಹದ ಸ್ವಭಾವವೂ ಹೌದು.

ಎಲ್ಲ ಉಕ್ಕೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪಂದ್ಯದ ಸೈಕಲ್ಲುಗಳಿಗಾಗಿ ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಎಂಬ ಕೊಳವೆ ಮ್ಯಾಂಗನೀಸ್ ಮತ್ತು ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕಿನದು. ಗಟ್ಟಿಯಾದ್ದರಿಂದ ಗೋಡೆ ತೆಳುವಾಗಿರಬಹುದು, ಫ್ರೇಮು ಹಗುರವಾಗುತ್ತದೆ. ಕಪ್ಪು ಸೈಕಲ್ಲಿನದು ಸಾಧಾರಣ ಉಕ್ಕು, ದಪ್ಪ ಗೋಡೆ. ತೂಕ ಹೆಚ್ಚು, ಆದರೆ ತುಕ್ಕಿಗೆ ಬಲಿಕೊಡಲು ಅದರಲ್ಲಿ ಒಂದಿಷ್ಟು ಲೋಹ ಹೆಚ್ಚಾಗಿಯೇ ಇದೆ.

ಕೆಲಸ ಆರಂಭವಾಗಬೇಕಾದದ್ದು ಸ್ಪ್ಯಾನರಿನಿಂದಲ್ಲ, ಕಣ್ಣಿನಿಂದ. ಸೈಕಲ್ಲನ್ನು ಬೆಳಕಿಗೆ ತಂದು, ಮಣ್ಣು ತೊಳೆದು, ಜೋಡಣೆಗಳ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಹ್ಯಾಂಡಲ್ಲಿನ ಕೆಳಗೆ, ಮುಂದಿನ ಕೊಳವೆಯಿಂದ ಪೆಡಲಿನತ್ತ ಇಳಿಯುವ ದಪ್ಪ ಕೊಳವೆಯ ಅಡಿಭಾಗದಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಆ ಸೈಕಲ್ಲು ಎಂದೋ ಯಾವುದಕ್ಕೋ ಎದುರಿನಿಂದ ಗುದ್ದಿದೆ ಎಂದರ್ಥ. ಪೆಡಲಿನ ಆಕ್ಸಲ್ ಕೂರುವ ಅಡ್ಡ ಕೊಳವೆಯ ತಳವನ್ನು ವಿಶೇಷವಾಗಿ ಪರೀಕ್ಷಿಸಬೇಕು. ಸೀಟಿನ ಕೊಳವೆಯಿಂದ ಇಳಿದ ಮಳೆನೀರು ಬಂದು ನಿಲ್ಲುವುದು ಅಲ್ಲಿಯೇ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಲೋಹ ಒಳಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಒತ್ತಡ ತಡೆದರೆ ಅದು ಮೇಲ್ಮೈ ತುಕ್ಕು ಮಾತ್ರ. ಇನ್ನು ಮುಂದಿನ ಫೋರ್ಕಿನ ವಿಷಯ. ಅದರಲ್ಲಿ ಬಿರುಕೇನಾದರೂ ಕಂಡರೆ ಬೆಸುಗೆ ಹಾಕಿಸಬಾರದು, ಫೋರ್ಕನ್ನೇ ಬದಲಿಸಬೇಕು. ಉಳಿದ ಯಾವ ಭಾಗ ಮುರಿದರೂ ಸೈಕಲ್ಲು ನಿಲ್ಲುತ್ತದೆ. ಫೋರ್ಕು ಮುರಿದರೆ ಸವಾರನ ಮುಖ ನೆಲಕ್ಕೆ ಬಡಿಯುತ್ತದೆ.

ಫ್ರೇಮು ನೆಟ್ಟಗಿದೆಯೇ ಎಂದು ನೋಡಲು ಒಂದು ದಾರ ಸಾಕು. ಹಿಂದಿನ ಚಕ್ರವನ್ನು ತೆಗೆದು, ಚಕ್ರ ಕೂರುವ ಒಂದು ಬದಿಯ ಕಚ್ಚಿಗೆ ದಾರ ಕಟ್ಟಿ, ಮುಂದಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಯ ಕಚ್ಚಿಗೆ ಬಿಗಿಯಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಬೇಕು. ಎರಡೂ ಒಂದೇ ಇದ್ದರೆ ಫ್ರೇಮಿನ ಹಿಂಭಾಗ ನೇರವಾಗಿದೆ. ಹತ್ತನೆಯ ತರಗತಿಯ ರೇಖಾಗಣಿತಕ್ಕೆ ಇದಕ್ಕಿಂತ ಉಪಯುಕ್ತವಾದ ಪ್ರಯೋಗ ಸಿಗಲಾರದು.

ಬಿಚ್ಚುವ ಕೆಲಸದಲ್ಲಿ ಅವಸರ ಕೂಡದು. ತುಕ್ಕು ಹಿಡಿದ ಪ್ರತಿ ನಟ್ಟಿಗೂ ಡೀಸೆಲ್ ಮತ್ತು ತೆಳು ಯಂತ್ರದ ಎಣ್ಣೆಯ ಮಿಶ್ರಣವನ್ನು ಹಿಂದಿನ ದಿನವೇ ಹನಿಸಿಟ್ಟಿರಬೇಕು. ಎಡಬದಿಯ ಪೆಡಲು ಬಿಚ್ಚುವಾಗ ಅದು ಬಲಕ್ಕೆ ತಿರುಗುತ್ತದೆ ಎಂಬುದನ್ನು ಮರೆತು ಮುರಿದವರು ಬಹಳ. ಅದರ ಥ್ರೆಡ್ ಎಡಮುರಿಯದು. ತುಳಿಯುವಾಗ ತಾನಾಗಿಯೇ ಸಡಿಲವಾಗದಿರಲೆಂದು ಹಾಗೆ ಮಾಡಿದ್ದಾರೆ. ಇಂಗ್ಲಿಷ್ ಮಾದರಿಯ ಫ್ರೇಮಿನಲ್ಲಿ ಪೆಡಲಿನ ಆಕ್ಸಲ್ಲನ್ನು ಹಿಡಿದಿರುವ ಬಲಬದಿಯ ಕಪ್ಪೂ ಎಡಮುರಿಯದೇ. ಕ್ರ್ಯಾಂಕನ್ನು ಬಿಗಿಹಿಡಿದ ಕಾಟರ್ ಪಿನ್ನಿಗೆ ಸುಮ್ಮನೆ ಸುತ್ತಿಗೆಯ ಪೆಟ್ಟು ಕೊಟ್ಟರೆ ಪೆಟ್ಟೆಲ್ಲ ಒಳಗಿನ ಗುಂಡುಗಳಿಗೆ ತಾಗಿ ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಕ್ರ್ಯಾಂಕಿನ ಕೆಳಗೆ ನೆಲದಿಂದ ಗಟ್ಟಿಮರದ ಊರೆ ಕೊಟ್ಟು, ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವಷ್ಟು ಸಡಿಲಿಸಿ, ಒಂದೇ ಗಟ್ಟಿ ಏಟಿನಲ್ಲಿ ಹೊರಡಿಸಬೇಕು. ಹತ್ತು ಸಣ್ಣ ಪೆಟ್ಟುಗಳು ಪಿನ್ನಿನ ತಲೆಯನ್ನು ಅಣಬೆಯಂತೆ ಅರಳಿಸುತ್ತವೆ, ಅಷ್ಟೆ. ಹಳೆಯ ಚಕ್ರವನ್ನು ಬಿಚ್ಚಿ ಹಾಕುವುದಿದ್ದರೆ ಕಡ್ಡಿಗಳನ್ನು ಕತ್ತರಿಸುವ ಮೊದಲೇ ಫ್ರೀವೀಲನ್ನು ತೆಗೆಯಬೇಕು. ರಿಮ್ಮು ಇರುವಾಗ ಅದೇ ಸನ್ನೆಗೋಲು. ರಿಮ್ಮು ಹೋದಮೇಲೆ ಅಂಗೈಯಗಲದ ಹಬ್ಬನ್ನು ಹಿಡಿದು ತಿರುಗಿಸುವ ಶಕ್ತಿ ಯಾರಿಗೂ ಇರುವುದಿಲ್ಲ.

ತುಕ್ಕು ತೆಗೆಯಲು ಪೇಟೆಯಲ್ಲಿ ಆಕ್ಸಾಲಿಕ್ ಆಮ್ಲದ ಪುಡಿ ಸಿಗುತ್ತದೆ. ಕರಾವಳಿಯ ಹಿತ್ತಿಲುಗಳಲ್ಲಿ ಬೆಳೆಯುವ ಬಿಂಬುಳಿಯಲ್ಲಿಯೂ ಇರುವುದು ಅದೇ ಆಮ್ಲ. ಅದರ ರಸದಿಂದ ಕತ್ತಿಯ ತುಕ್ಕನ್ನು ಉಜ್ಜಿ ತೆಗೆಯುವ ಪದ್ಧತಿ ಆಗ್ನೇಯ ಏಷ್ಯಾದಲ್ಲಿ ಇದೆ. ನಟ್ಟು, ಬೋಲ್ಟು, ಬ್ರೇಕಿನ ಸರಳುಗಳಂಥ ಸಣ್ಣ ಭಾಗಗಳನ್ನು ಬಿಂಬುಳಿಯ ರಸದಲ್ಲೋ ಗಟ್ಟಿ ಹುಣಸೆನೀರಿನಲ್ಲೋ ಒಂದೆರಡು ದಿನ ನೆನೆಹಾಕಿ ತಂತಿಬ್ರಷ್ಷಿನಿಂದ ಉಜ್ಜಬಹುದು. ಪುಡಿಯ ಆಮ್ಲವಾದರೆ ಕೈಗವಸು ಕಡ್ಡಾಯ, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಯಾವುದನ್ನು ಬಳಸಿದರೂ ಆಮೇಲೆ ಬೂದಿನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಬಿಸಿಯಿರುವಾಗಲೇ ಎಣ್ಣೆ ಸವರಬೇಕು. ಹಾಗೆಯೇ ಬಿಟ್ಟರೆ ಮಲೆನಾಡಿನ ಗಾಳಿಯಲ್ಲಿ ಸಂಜೆಯೊಳಗೆ ಮತ್ತೆ ಕೆಂಪು ಏಳುತ್ತದೆ. ಫ್ರೇಮಿನ ಕೊಳವೆಗಳ ಒಳಗೂ ಎಣ್ಣೆ ಸುರಿದು, ತಿರುಗಿಸಿ ತಿರುಗಿಸಿ ಎಲ್ಲ ಕಡೆ ಹರಡಿ, ಹೆಚ್ಚಾದದ್ದನ್ನು ಇಳಿಸಬೇಕು. ಇಳಿಸಿದ ಎಣ್ಣೆಯನ್ನೂ ತೊಳೆದ ಡೀಸೆಲನ್ನೂ ಹಳ್ಳಕ್ಕಾಗಲಿ ತೋಟದ ಕಪ್ಪಿಗಾಗಲಿ ಚೆಲ್ಲಬಾರದು. ಡಬ್ಬದಲ್ಲಿಟ್ಟು ತಿಳಿಯಾಗಿಸಿದರೆ ಮುಂದಿನ ಸೈಕಲ್ಲಿಗೆ ಬರುತ್ತದೆ.

ಗುಂಡುಗಳನ್ನು ಬದಲಿಸುವುದು ಅತ್ಯಂತ ಅಗ್ಗದ, ಆದರೆ ಸವಾರಿಯಲ್ಲಿ ಅತ್ಯಂತ ಸ್ಪಷ್ಟವಾಗಿ ತಿಳಿಯುವ ಸುಧಾರಣೆ. ಹಿಂದಿನ ಹಬ್ಬಿಗೆ ಬದಿಗೆ ಒಂಬತ್ತರಂತೆ ಕಾಲಂಗುಲದ ಗುಂಡುಗಳು, ಪೆಡಲಿನ ಆಕ್ಸಲ್ಲಿಗೆ ಬದಿಗೆ ಹನ್ನೊಂದು, ಮುಂದಿನ ಹಬ್ಬಿಗೆ ಬದಿಗೆ ಹತ್ತರಂತೆ 3/16 ಅಂಗುಲದವು: ಇದು ಸಾಮಾನ್ಯ ಲೆಕ್ಕ. ಬಿಚ್ಚುವಾಗ ಎಣಿಸಿ ಬರೆದಿಟ್ಟುಕೊಳ್ಳುವುದೇ ಉತ್ತಮ. ಹಳೆಯ ಗುಂಡುಗಳೊಂದಿಗೆ ಹೊಸದನ್ನು ಬೆರೆಸಬಾರದು; ದೊಡ್ಡದಾದ ಒಂದೇ ಒಂದು ಗುಂಡು ಎಲ್ಲ ಭಾರವನ್ನೂ ಹೊರುತ್ತದೆ. ಕೋನನ್ನು ಬಿಗಿಯುವಾಗ ಚಕ್ರ ಅಲುಗಬಾರದು, ಹಾಗೆಂದು ಬಿಗಿದುಕೊಳ್ಳಲೂ ಬಾರದು. ಬೆರಳುಗಳ ನಡುವೆ ಆಕ್ಸಲ್ಲನ್ನು ಉರುಳಿಸಿದಾಗ ಮರಳು ಉಜ್ಜಿದಂತಾಗದಿದ್ದರೆ ಸರಿಯಾಯಿತು. ತೆಂಗಿನೆಣ್ಣೆಯ ವಿಷಯದಲ್ಲಿ ಊರಿನವರಿಗೆ ಮಮತೆ ಹೆಚ್ಚು. ಬಾಗಿಲಿನ ತಿರುಗಣಿಗೆ ಅದು ಸರಿ. ಬೇರಿಂಗಿಗೆ ಹಾಕಿದರೆ ಮಾಗಿಯ ಚಳಿಗೆ ಗಟ್ಟಿಯಾಗುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಅಲ್ಲಿಗೆ ಗ್ರೀಸೇ ಬೇಕು.

ಇನ್ನು ಬ್ರೇಕು. ಇಡೀ ವಿಷಯದಲ್ಲಿ ಜೀವದ ಪ್ರಶ್ನೆ ಇರುವುದು ಇಲ್ಲಿಯೇ.

ಕಪ್ಪು ಸೈಕಲ್ಲು ಹುಟ್ಟಿದ್ದು ಬಯಲಿನ ದಾರಿಗೆ. ಅದರ ಬ್ರೇಕು ಕಬ್ಬಿಣದ ಸರಳುಗಳ ಮೂಲಕ ರಬ್ಬರಿನ ಗಟ್ಟಿಗಳನ್ನು ರಿಮ್ಮಿನ ಒಳಮೈಗೆ ಮೇಲ್ಮುಖವಾಗಿ ಒತ್ತುತ್ತದೆ. ರಿಮ್ಮು ಕ್ರೋಮಿಯಂ ಲೇಪದ ಉಕ್ಕಿನದು. ಒಣಗಿರುವಾಗ ಇದು ಒಂದು ಮಟ್ಟಿಗೆ ಹಿಡಿಯುತ್ತದೆ. ನೆನೆದಾಗ ನುಣುಪಾದ ಕ್ರೋಮಿಯಂ ಮೇಲೆ ನೀರಿನ ಪೊರೆ ನಿಂತು ರಬ್ಬರು ಜಾರುತ್ತದೆ, ಸೈಕಲ್ಲು ನಿಲ್ಲುವ ದೂರ ಹಲವು ಪಟ್ಟು ಹೆಚ್ಚುತ್ತದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ, ಹದಿನಾಲ್ಕು ಹಿಮ್ಮುರಿ ತಿರುವುಗಳ ಘಾಟಿಯಂಥ ದಾರಿಯಲ್ಲಿ ಇಂಥ ಬ್ರೇಕನ್ನು ನಂಬುವುದೆಂದರೆ ಏನರ್ಥ?

ವಿದ್ಯಾರ್ಥಿಗಳು ಒಂದು ಲೆಕ್ಕ ಹಾಕಿ ನೋಡಬಹುದು. ಸವಾರ 60 ಕಿ.ಗ್ರಾಂ., ಸೈಕಲ್ಲು 20, ಹೊರೆ 5. ಒಟ್ಟು 85 ಕಿ.ಗ್ರಾಂ. ಇಷ್ಟು ಭಾರ 300 ಮೀಟರ್ ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡೂವರೆ ಲಕ್ಷ ಜೂಲ್. ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ಗಾಳಿಯ ತಡೆ ಮತ್ತು ಟೈರಿನ ಘರ್ಷಣೆ ಒಂದು ಪಾಲನ್ನು ನುಂಗುತ್ತವೆ. ನಿಧಾನವಾಗಿ ಇಳಿಯುವವನಿಗೆ ಉಳಿದುದೆಲ್ಲವೂ ಹೆಬ್ಬೆರಳಿನಷ್ಟು ದೊಡ್ಡದಾದ ನಾಲ್ಕು ರಬ್ಬರು ಗಟ್ಟಿಗಳ ಮೂಲಕವೇ ಹೋಗಬೇಕು.

ಸರಳಿನ ಬ್ರೇಕನ್ನೇ ಉಳಿಸಿಕೊಳ್ಳುವವರು ಅದರ ಪ್ರತಿ ಕೀಲಿನ ಸಡಿಲವನ್ನು ತೆಗೆದು, ಹೊಸ ಗಟ್ಟಿಗಳನ್ನು ಹಾಕಿ, ರಿಮ್ಮಿನ ಬೆಂಡನ್ನು ಪೂರ್ತಿ ತೆಗೆದು, ಬಯಲುದಾರಿಯ ಓಡಾಟಕ್ಕೆ ಮಾತ್ರ ಬಳಸುವುದು ಕ್ಷೇಮ. ಬೆಂಡು ತೆಗೆಯುವುದು ಅಂಗಡಿಯವರ ಗುಟ್ಟಿನ ವಿದ್ಯೆಯೇನಲ್ಲ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಫೋರ್ಕಿಗೆ ಕೈಯೂರಿ ಸೀಮೆಸುಣ್ಣವನ್ನು ರಿಮ್ಮಿನ ಬಳಿ ಹಿಡಿದು ಚಕ್ರ ತಿರುಗಿಸಿದರೆ ಉಬ್ಬಿದ ಕಡೆ ಗೆರೆ ಬೀಳುತ್ತದೆ. ಗೆರೆ ಬಿದ್ದ ಬದಿಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ, ಎದುರು ಬದಿಯದನ್ನು ಕಾಲು ಸುತ್ತು ಬಿಗಿಯಬೇಕು. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವವರು ಸಂಜೆಯವರೆಗೂ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಘಟ್ಟ ಇಳಿಯುವ ಸೈಕಲ್ಲಿಗೆ ಅಲ್ಯೂಮಿನಿಯಂ ರಿಮ್ಮು ಮತ್ತು ರಿಮ್ಮಿನ ಎರಡು ಪಕ್ಕಗಳನ್ನು ಕಚ್ಚುವ ಕೇಬಲ್ ಬ್ರೇಕು ಬೇಕು. ಅಲ್ಯೂಮಿನಿಯಂ ನೆನೆದರೂ ರಬ್ಬರಿಗೆ ಹಿಡಿತ ಕೊಡುತ್ತದೆ, ಶಾಖವನ್ನೂ ಬೇಗ ಹೊರಹಾಕುತ್ತದೆ. ಈ ಬದಲಾವಣೆಯಲ್ಲಿ ಎರಡು ಮೂರು ತೊಡಕುಗಳಿವೆ. ಕಪ್ಪು ಸೈಕಲ್ಲಿನ ರಿಮ್ಮಿಗೆ ಚಪ್ಪಟೆ ಪಕ್ಕವೇ ಇಲ್ಲ. ಆದ್ದರಿಂದ ಬ್ರೇಕು ಬದಲಿಸುವುದೆಂದರೆ ರಿಮ್ಮನ್ನೂ ಬದಲಿಸುವುದು. ಅದರ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಈಗಿನ ರಿಮ್ಮುಗಳು ಹೆಚ್ಚಾಗಿ 36 ಇಲ್ಲವೇ 32 ತೂತಿನವು. ಹೀಗಾಗಿ ಹಿಂದಿನ ಹಬ್ಬೂ ಹೊಸದಾಗಬೇಕಾಗುತ್ತದೆ. ಹಳೆಯ 28 ಅಂಗುಲದ ಚಕ್ರದಲ್ಲಿ ಟೈರು ಕೂರುವ ವ್ಯಾಸ 635 ಮಿ.ಮೀ., ಈಗ ಎಲ್ಲೆಡೆ ಸಿಗುವ 700ಸಿ ಚಕ್ರದ್ದು 622. ರಿಮ್ಮು ಆರೂವರೆ ಮಿ.ಮೀ. ಕೆಳಗಿಳಿಯುತ್ತದೆ, ಅಷ್ಟು ಉದ್ದದ ತೋಳಿನ ಬ್ರೇಕನ್ನೇ ಕೊಳ್ಳಬೇಕು. ಫೋರ್ಕಿನ ತೂತಿನ ನಡುವಿನಿಂದ ರಿಮ್ಮಿನ ಪಕ್ಕದವರೆಗೆ ಅಳತೆ ಬರೆದುಕೊಂಡು ಅಂಗಡಿಗೆ ಹೋದರೆ ಎರಡು ಸಲ ಬಸ್ಸಿನ ಹಣ ತೆರಬೇಕಾಗುವುದಿಲ್ಲ. ಹಿಂದಿನ ಬ್ರೇಕು ಕೂರಿಸಲು ಫ್ರೇಮಿನಲ್ಲಿ ಜಾಗವಿಲ್ಲದಿದ್ದರೆ ಹಬ್ಬಿನೊಳಗೇ ಡ್ರಮ್ ಬ್ರೇಕಿರುವ ಚಕ್ರವನ್ನು ಯೋಚಿಸಬಹುದು. ಮಳೆಗೂ ಅದಕ್ಕೂ ಸಂಬಂಧವಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದು ನಿಲ್ಲಿಸುವ ಹಬ್ಬು ಮಾತ್ರ ಉದ್ದ ಇಳಿಜಾರಿಗೆ ಸಲ್ಲದು, ಅದರೊಳಗಿನ ಗ್ರೀಸು ಕಾದು ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಖರ್ಚು ಮಾಡಲಾಗದ ಮನೆಯವರು ಮುಂದಿನ ಚಕ್ರವೊಂದನ್ನಾದರೂ ಬದಲಿಸುವುದು ಒಳ್ಳೆಯದು. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂಚಕ್ರದಲ್ಲಿಯೇ ಇದೆ. ಮುಂದಿನ ಬ್ರೇಕು ಹಿಡಿದರೆ ಮಗುಚುತ್ತದೆ ಎಂಬ ಭಯದಿಂದ ಹಿಂದಿನದನ್ನೇ ಹಿಡಿಯುವ ಅಭ್ಯಾಸ ಊರಲ್ಲೆಲ್ಲ ಇದೆ. ಎರಡನ್ನೂ ಒಟ್ಟಿಗೆ, ತಿರುವಿಗೆ ಮುಂಚೆಯೇ ಹಿಡಿದು ಬಿಡಲು ಮಕ್ಕಳಿಗೆ ಕಲಿಸಬೇಕು.

ಇಳಿಯುವ ಮಾತಾಯಿತು, ಏರುವುದು? ಕಪ್ಪು ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಹದಿನೈದು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಮೇಲೆ ಹೇಳಿದ 85 ಕಿಲೋ ಭಾರವನ್ನು ಒಯ್ಯಲು ಪೆಡಲಿನ ಮೇಲೆ ಸರಾಸರಿ ಮೂವತ್ತು ಕಿಲೋ ತೂಕದಷ್ಟು ಒತ್ತಡ ಬೇಕಾಗುತ್ತದೆ. ಕಾಲು ಮೇಲೆ ಕೆಳಗೆ ಹೋಗುವ ಸಂಧಿಗಳಲ್ಲಿ ಒತ್ತಡ ಬೀಳುವುದೇ ಇಲ್ಲವಾದ್ದರಿಂದ ತುಳಿಯುವ ಕ್ಷಣದಲ್ಲಿ ಬೇಕಾಗುವುದು ಅದಕ್ಕಿಂತ ಬಹಳ ಹೆಚ್ಚು. ಹದಿಮೂರು ವರ್ಷದ ಹುಡುಗಿ ಏರಿನಲ್ಲಿ ಇಳಿದು ತಳ್ಳುತ್ತಾಳೆಂದರೆ ಅವಳಲ್ಲಿ ಶಕ್ತಿಯಿಲ್ಲವೆಂದಲ್ಲ, ಹಲ್ಲುಗಳ ಲೆಕ್ಕ ಅವಳಿಗೆ ವಿರುದ್ಧವಾಗಿದೆ. 22 ಹಲ್ಲಿನ ಫ್ರೀವೀಲು ಹಾಕಿದರೆ ಮೂವತ್ತು ಕಿಲೋ ಇಪ್ಪತ್ತನಾಲ್ಕಕ್ಕೆ ಇಳಿಯುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು, ಮತ್ತೇನೂ ಬೇಡ. ಬಯಲಿನಲ್ಲಿ ವೇಗ ಸ್ವಲ್ಪ ಕಡಿಮೆಯಾಗುತ್ತದೆ. ಮಲೆನಾಡಿನಲ್ಲಿ ಬಯಲೆಷ್ಟಿದೆ?

ಇದಕ್ಕಿಂತ ಮುಂದೆ ಹೋಗುವವರಿಗೆ ಮೂರು ಗೇರಿನ ಹಬ್ಬು ಇದೆ. 1902ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಆರಂಭವಾದ ಸ್ಟರ್ಮಿ-ಆರ್ಚರ್ ಕಂಪನಿಯ ಈ ಹಬ್ಬಿನ ಒಳಗೆ ಸೂರ್ಯನ ಸುತ್ತ ಗ್ರಹಗಳು ತಿರುಗಿದಂತೆ ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು ತಿರುಗುತ್ತವೆ. ಅದರ ಪ್ರಸಿದ್ಧ ಎ.ಡಬ್ಲ್ಯು. ಮಾದರಿಯಲ್ಲಿ ಕೆಳಗಿನ ಗೇರು ನೇರ ಗೇರಿನ ಮುಕ್ಕಾಲು ಪಾಲು, ಮೇಲಿನದು ಒಂದೂ ಮೂರನೆಯ ಒಂದು ಪಾಲು. 22 ಹಲ್ಲಿನೊಂದಿಗೆ ಈ ಕೆಳಗೇರು ಸೇರಿದರೆ ಅದೇ ಏರಿಗೆ ಹದಿನೆಂಟು ಕಿಲೋ ಒತ್ತಡ ಸಾಕು. ಕಂಪನಿ 2000ರಲ್ಲಿ ತೈವಾನಿನವರ ಕೈಸೇರಿತು, ಹಬ್ಬುಗಳು ಈಗಲೂ ತಯಾರಾಗುತ್ತಿವೆ. ಎಲ್ಲವೂ ಹಬ್ಬಿನೊಳಗೆ ಇರುವುದರಿಂದ ಕೆಸರಿನ ಕಾಟವಿಲ್ಲ. ಮಲೆನಾಡಿನ ಮಳೆಗಾಲಕ್ಕೆ, ಹೊರಗೆ ತೂಗಾಡುವ ಗೇರಿಗಿಂತ ಇದೇ ವಾಸಿ.

ಕೆಳಬಾಗಿದ ಹ್ಯಾಂಡಲ್ಲಿನ ಪಂದ್ಯದ ಸೈಕಲ್ಲು ಮಲೆನಾಡಿನಲ್ಲಿ ಅಪರೂಪ. ಅಂಥವುಗಳ ನಿಜವಾದ ತವರು ರಸ್ತೆ ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ಆದರೂ ನೆಂಟರ ಮನೆಯಿಂದಲೋ ಪರದೇಶದಿಂದಲೋ ಬಂದ ಹತ್ತು ಗೇರಿನ ಹಳೆಯ ಉಕ್ಕಿನ ಸೈಕಲ್ಲು ಅಲ್ಲಲ್ಲಿ ಉಂಟು. ಅದನ್ನು ಹೊಸದು ಮಾಡುವುದು ಕಪ್ಪು ಸೈಕಲ್ಲಿಗಿಂತ ಸುಲಭ, ಏಕೆಂದರೆ ಅದಕ್ಕೆ ಕೇಬಲ್ ಬ್ರೇಕು ಆಗಲೇ ಇರುತ್ತದೆ. ಅದರ 27 ಅಂಗುಲದ ಚಕ್ರದ ವ್ಯಾಸ 630 ಮಿ.ಮೀ.; 622ರ ಚಕ್ರ ಹಾಕಿದರೆ ಬ್ರೇಕಿನ ಗಟ್ಟಿಗಳನ್ನು ನಾಲ್ಕು ಮಿ.ಮೀ. ಇಳಿಸಿದರಾಯಿತು. ಹಿಂದಿನ ಚಕ್ರ ಕೂರುವ ಅಗಲ 120 ಇಲ್ಲವೇ 126 ಮಿ.ಮೀ. ಇರುತ್ತದೆ, ಈಗಿನ ಹಬ್ಬಿಗೆ 130 ಬೇಕು. ಮರದ ಪಟ್ಟಿಯನ್ನು ಸನ್ನೆಯಾಗಿಟ್ಟು ಒಂದೊಂದು ಬದಿಯನ್ನೂ ಸಮನಾಗಿ, ತುಸುತುಸುವೇ ಹಿಗ್ಗಿಸಿ, ಪ್ರತಿ ಸಲವೂ ದಾರ ಕಟ್ಟಿ ಅಳೆಯಬೇಕು. ಉಕ್ಕಿನಲ್ಲಿ ಮಾತ್ರ ಇದು ಸಾಧ್ಯ. ಮುಂದಿನ ಸಣ್ಣ ಹಲ್ಲುಚಕ್ರ 42 ಇದ್ದು ಹಿಂದೆ 28 ಇದ್ದರೆ ಘಟ್ಟಕ್ಕೆ ಸಾಲದು. 34 ಹಲ್ಲಿನ ಫ್ರೀವೀಲಿಗೆ ಉದ್ದ ತೋಳಿನ ಗೇರು ಬೇಕಾಗುತ್ತದೆ. ಇಂಥ ಹೊಂದಾಣಿಕೆಯ ಅಳತೆಗಳನ್ನೆಲ್ಲ ಜನಸಾಮಾನ್ಯರಿಗಾಗಿ ಬರೆದಿಟ್ಟವರಲ್ಲಿ ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008) ಪ್ರಮುಖರು. ಹಳೆಯ ರ್ಯಾಲಿ ಸೈಕಲ್ಲು ಇರುವವರಿಗೊಂದು ಎಚ್ಚರಿಕೆ: ಆ ಕಾರ್ಖಾನೆಯು ಪೆಡಲಿನ ಆಕ್ಸಲ್ಲಿನ ಕಪ್ಪಿಗೆ ಅಂಗುಲಕ್ಕೆ 26 ಸುತ್ತಿನ ತನ್ನದೇ ಥ್ರೆಡ್ಡನ್ನು ಬಳಸುತ್ತಿತ್ತು. ಉಳಿದೆಡೆಯ 24 ಸುತ್ತಿನ ಕಪ್ಪನ್ನು ಬಲವಂತದಿಂದ ತಿರುಗಿಸಿದರೆ ಫ್ರೇಮೇ ಕೆಡುತ್ತದೆ.

ಚೈನಿನ ಸವೆತಕ್ಕೆ ಶಾಲೆಯ ಅಡಿಪಟ್ಟಿಯೇ ಸಾಕು. ಹೊಸ ಚೈನಿನಲ್ಲಿ ಇಪ್ಪತ್ನಾಲ್ಕು ಕೊಂಡಿಗಳ ಉದ್ದ ಸರಿಯಾಗಿ ಹನ್ನೆರಡು ಅಂಗುಲ. ಅದು ಅಂಗುಲದ ಹದಿನಾರನೆಯ ಒಂದರಷ್ಟು ಹೆಚ್ಚಿದರೆ ಚೈನು ಬದಲಿಸಬೇಕು. ಎಂಟನೆಯ ಒಂದರಷ್ಟು ಹೆಚ್ಚಿದ್ದರೆ ಅದು ಫ್ರೀವೀಲಿನ ಹಲ್ಲನ್ನೂ ತಿಂದಿದೆ.

ಬಣ್ಣದ ವಿಷಯ ಕೊನೆಗೆ ಬಂದಿರುವುದು ಉದ್ದೇಶಪೂರ್ವಕವಾಗಿಯೇ. ಹೊಸ ಬಣ್ಣದಲ್ಲಿ ಮಿಂಚುತ್ತ ಹಳೆಯ ಬ್ರೇಕಿನಲ್ಲಿ ಓಡುವ ಸೈಕಲ್ಲಿಗಿಂತ ಅಪಾಯಕರವಾದದ್ದು ಬೇರಿಲ್ಲ. ನೋಡಿದವರಿಗೆ ನಂಬಿಕೆ ಹುಟ್ಟಿಸುತ್ತದೆ. ಬಣ್ಣ ಗಟ್ಟಿಯಾಗಿದ್ದರೆ ತೊಳೆದು ಮೇಣ ಹಚ್ಚಿದರೆ ಸಾಕು. ಕೆರೆಯಲೇಬೇಕಾದರೆ ಒಣಗಿರುವಾಗ ಉಜ್ಜಬಾರದು. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ 90 ಪಿ.ಪಿ.ಎಂ. ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು. ನೀರುಕಾಗದವನ್ನು ಒದ್ದೆಮಾಡಿ, ಮೂಗಿಗೆ ಬಟ್ಟೆ ಕಟ್ಟಿ, ಚಿಕ್ಕಮಕ್ಕಳನ್ನು ದೂರವಿಟ್ಟು ಉಜ್ಜಬೇಕು. ಹಲಸಿನ ಮರದ ಬುಡದಲ್ಲೋ ತುಳಸಿಕಟ್ಟೆಯ ಬಳಿಯೋ ಈ ಕೆಲಸ ಬೇಡ.

ಜೋಡಿಸಿದ ಸೈಕಲ್ಲನ್ನು ಮೊದಲ ದಿನವೇ ಘಟ್ಟಕ್ಕೆ ಒಯ್ಯಬಾರದು. ಪೆಡಲು ಅತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗುವಂತೆ ಸೀಟಿನ ಎತ್ತರ ಹೊಂದಿಸಿಕೊಂಡು, ಶಾಲೆಯ ಮೈದಾನದಲ್ಲಿ ಹತ್ತು ಸುತ್ತು ಹಾಕಿ, ಬ್ರೇಕನ್ನು ಪೂರ್ತಿ ಹಿಡಿದು ನೋಡಬೇಕು. ಆಮೇಲೆ ರಿಮ್ಮಿಗೆ ಒಂದು ಚೊಂಬು ನೀರು ಸುರಿದು ಮತ್ತೊಮ್ಮೆ ಹಿಡಿದು ನೋಡಬೇಕು. ಎರಡು ಸಲದ ನಿಲ್ಲುವ ದೂರವನ್ನು ಹೆಜ್ಜೆಯಿಂದ ಅಳೆದು ಮಕ್ಕಳಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಕಾಟರ್ ಪಿನ್ನು ಮತ್ತು ಹೊಸ ಕಡ್ಡಿಗಳು ಮೊದಲ ಐವತ್ತು ಕಿಲೋಮೀಟರಿನಲ್ಲಿ ಕೂತುಕೊಂಡು ಸಡಿಲವಾಗುತ್ತವೆ; ಅವನ್ನು ಮತ್ತೊಮ್ಮೆ ಬಿಗಿದ ಮೇಲೆ ಇಳಿಜಾರಿಗೆ ಹೊರಡಬಹುದು.